ಆಕೆಯ ಎಡೆಗೆ ಗಂಜಿ ಬೇಡ

ನನ್ನ ಗೆಳತಿ ಬದುಕಿದ್ದಾಗ ಆಕೆಗೆ ಬಂದಿದ್ದ ಕಾಯಿಲೆಯ ಹೆಸರು ನಮ್ಮ ಓಣಿಯಲ್ಲಿ ಒಬ್ಬರ ಬಾಯಿಗೂ ಸರಿಯಾಗಿ ಬರುತ್ತಿರಲಿಲ್ಲ. ಆಕೆ ತೀರಿ ವರ್ಷ ದಾಟಿದ ಮೇಲೆ ಅದೇ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ, ಪಕ್ಕಕ್ಕೆ ಆಕೆಯ ನಗುಮುಖ ಹಾಕಿ, ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯ ಬದಿಗೆ ಬ್ಯಾನರ್ ಕಟ್ಟಿದರು. ‘ಕ್ರೋನ್ಸ್ ಕಾಯಿಲೆಯವರ ಸಹಾಯಾರ್ಥ ಗಾಲ್ಫ್ ಪಂದ್ಯಾವಳಿ.’ ಫೋಟೋದಲ್ಲಿ ಆಕೆಯ ಕೆನ್ನೆಗಳು ತುಂಬಿಕೊಂಡಿದ್ದವು. ಅದು ಕಾಯಿಲೆ ಬರುವ ಮೊದಲು ತೆಗೆಸಿದ್ದು. ಕಾಯಿಲೆಯ ಬ್ಯಾನರಿಗೂ ಕಾಯಿಲೆ ಇಲ್ಲದ ಮುಖವೇ ಬೇಕಾಯಿತು. ಇರಲಿ. ದೇವರ ದಯೆ, ಮುಖವಾದರೂ ಆಕೆಯದೇ ಇತ್ತು.

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬ್ಯಾನರಿನ ಮೇಲೆ ಬರೆದಾಗಿದೆ, ಸಾಕು.

ಆಕೆ ರಾಯಚೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಗಂಡ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಮುಂಜಾನೆ ಹೋದರೆ ಸಂಜೆಯೇ ಮನೆ ಕಾಣುವ ಮನುಷ್ಯ. ಮನೆಯಲ್ಲಿ ಆಕೆ ಮತ್ತು ಆಕೆಯ ಅತ್ತೆ. ಕ್ರೋನ್ಸ್ ಎಂದರೆ ಕರುಳಿನ ಒಳಗೆ ಹುಣ್ಣೆದ್ದು, ಬಾವು ಬಂದು, ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಏಳುವ ಜಡ್ಡು. ಅಂಟುವುದಿಲ್ಲ, ಪೂರ್ತಿ ಬಿಟ್ಟೂ ಹೋಗುವುದಿಲ್ಲ. ಹೈದರಾಬಾದಿನ ಡಾಕ್ಟರು ಇಷ್ಟನ್ನು ಹೇಳುವ ಮೊದಲು ನಮ್ಮ ಓಣಿಯ ಪಂಡಿತೆಯರು ಬಹಳಷ್ಟು ಹೇಳಿಯಾಗಿತ್ತು. ಒಬ್ಬಳು ದೃಷ್ಟಿ ಎಂದಳು. ಇನ್ನೊಬ್ಬಳು ಮಾಟ ಎಂದಳು. ಮೂರನೆಯವಳು, ಗೋಧಿ ಹಿಟ್ಟಿನ ಗಿರಣಿಯವರ ಹೆಂಡತಿ, ‘ತೆಳ್ಳಗ ಕಾಣಬೇಕಂತ ಉಣ್ಣಂಗಿಲ್ಲ ಬಿಡ್ರಿ’ ಎಂದಳು. ನನ್ನ ಗೆಳತಿ ಈ ಮೂರನೆಯದನ್ನು ಕೇಳಿ ಬಹಳ ಖುಷಿಪಟ್ಟಳು. ‘ನೋಡವಾ, ಜಡ್ಡು ಬಂದ ಮ್ಯಾಲರ ನಾ ಒಬ್ಬಾಕಿ ಹೊಟ್ಟಿ ಉರಿಸಿದೆ’ ಎಂದಳು.

ಕಾಯಿಲೆ ಎದ್ದಾಗ ಡಾಕ್ಟರು ಆಕೆಗೆ ಕಾಳು, ಬೀಜ, ನಾರು, ಖಾರ ಎಲ್ಲ ಬಂದ್ ಮಾಡಿದ್ದರು. ನಮ್ಮ ಸೀಮೆಯ ಊಟದಲ್ಲಿ ಇವನ್ನು ತೆಗೆದರೆ ತಟ್ಟೆ ಮಾತ್ರ ಉಳಿಯುತ್ತದೆ. ಸಜ್ಜೆ ರೊಟ್ಟಿ ಇಲ್ಲ, ಬದನೆಕಾಯಿ ಎಣ್ಣೆಗಾಯಿ ಇಲ್ಲ, ಶೇಂಗಾ ಹಿಂಡಿ ಚಟ್ನಿ ಇಲ್ಲ, ಹಸಿಮೆಣಸಿನ ಖಾರ ಇಲ್ಲ. ಆಕೆಗೆ ಉಳಿದದ್ದು ಅಕ್ಕಿ ಗಂಜಿ. ಅದನ್ನೂ ಅತ್ತೆ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಸೊಸೆಗೆ ಇಷ್ಟು ಮಾಡುವ ಅತ್ತೆ ನಮ್ಮ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆಕೆಯ ಮೇಲೆ ನನಗೆ ಸಿಟ್ಟು ಬರುವುದಿದೆ.

ಆದರೆ ನನ್ನ ಗೆಳತಿ ಅಡುಗೆ ಮಾಡುವುದನ್ನು ಬಿಡಲಿಲ್ಲ. ಮಧ್ಯಾಹ್ನ ಗಂಡಸರೆಲ್ಲ ಹೊರಬಿದ್ದ ಮೇಲೆ ಗೋಡೆಯ ಆಚೆಯಿಂದ ‘ಏ ಬೇ, ಬಾ’ ಎಂದು ಕರೆ ಬರುತ್ತಿತ್ತು. ಹೋದರೆ ನನಗೊಂದು ತಟ್ಟೆ; ಅದರಲ್ಲಿ ಡಾಕ್ಟರು ಬಂದ್ ಮಾಡಿದ್ದೆಲ್ಲ ಇರುತ್ತಿತ್ತು. ಎದುರಿಗೆ ಆಕೆ, ಗಂಜಿಯ ಬಟ್ಟಲು ಹಿಡಿದು.

‘ನೀ ಉಣ್ಣು, ನಾ ನೋಡ್ತೀನಿ.’

ಒಂದು ತುತ್ತು ಬಾಯಿಗಿಟ್ಟರೆ ವಿಚಾರಣೆ ಶುರು.

‘ಎಣ್ಣಿ ಎಲ್ಲಿ ಹತ್ತಿತು?’

‘ತುಟಿಗಿ.’

‘ಖಾರ?’

‘ಕಿವಿತನಕ ಹೋತು.’

‘ಹುಳಿ?’

‘ಈಗ ಬರಾಕತ್ತದ, ಹಿಂದಿಂದ.’

ಆಕೆ ಕಣ್ಣು ಮುಚ್ಚಿ, ಸರಿಯಾಗಿ ಆ ಹೊತ್ತಿಗೆ ಒಂದು ಚಮಚ ಗಂಜಿ ನುಂಗುತ್ತಿದ್ದಳು. ನನ್ನ ಬಾಯಲ್ಲಿ ಎಣ್ಣೆಗಾಯಿ, ಆಕೆಯ ಗಂಟಲಲ್ಲಿ ಗಂಜಿ. ಹೀಗೆ ಇಬ್ಬರೂ ಸೇರಿ ಒಂದು ಊಟ ಮಾಡುತ್ತಿದ್ದೆವು. ನನಗಿಂತ ಮೊದಲು ಈ ಕೆಲಸಕ್ಕೆ ಆಕೆಯ ನಾದಿನಿ ಇದ್ದಳಂತೆ. ಏನು ಹಾಕಿದರೂ ‘ಬೇಷ್ ಆಗ್ಯಾದ’ ಎನ್ನುತ್ತಿದ್ದಳೆಂದು ಆ ನಾದಿನಿಯನ್ನು ತೆಗೆದುಹಾಕಿದ್ದಳು. ನಾನು ಮೊದಲ ದಿನವೇ ‘ಉಪ್ಪು ಕಮ್ಮಿ ಅದ’ ಎಂದೆ. ನೌಕರಿ ಕಾಯಂ ಆಯಿತು. ‘ನೀ ನನ್ನ ಬಾಯಿ ಅದಿ. ನನ್ನ ಬಾಯಿ ಸುಳ್ಳು ಹೇಳಬಾರದು ನೋಡು’ ಎಂದಳು. ಇವತ್ತು ನನ್ನ ಮಂಡಿ ನೋಯುತ್ತದೆಂದು ಡಾಕ್ಟರ ಹತ್ತಿರ ಹೋದರೆ ತೂಕ ಇಳಿಸಿ ಎನ್ನುತ್ತಾರೆ. ಅದರಲ್ಲಿ ಅರ್ಧ ತೂಕ ಇನ್ನೊಬ್ಬಳದು ಎಂದು ಅವರಿಗೆ ಹೇಗೆ ಹೇಳುವುದು?

ಮದುವೆ ಮುಂಜಿಗಳಲ್ಲಿ ಆಕೆಯನ್ನು ನೋಡಬೇಕಿತ್ತು. ನಮ್ಮಲ್ಲಿ ಬಂದವರನ್ನು ಉಣಿಸದೆ ಬಿಟ್ಟರೆ ಮನೆಯವರಿಗೆ ಅವಮಾನ. ಉಣ್ಣದೆ ಎದ್ದರೆ ಇನ್ನೂ ದೊಡ್ಡ ಅವಮಾನ. ದೇವದುರ್ಗದಲ್ಲಿ ಒಂದು ಮದುವೆಗೆ ಇಬ್ಬರೂ ಹೋಗಿದ್ದೆವು. ಹುಡುಗಿಯ ಚಿಕ್ಕಮ್ಮ ಹೋಳಿಗೆಯ ಬುಟ್ಟಿ ಹಿಡಿದು ಆಕೆಯ ಎಲೆಯ ಮುಂದೆ ನಿಂತುಬಿಟ್ಟಳು.

‘ಯಾಕ್ರೀ, ನಮ್ಮ ಮನಿ ಊಟ ಸೇರಂಗಿಲ್ಲೇನು ನಿಮಗ? ರಾಯಚೂರಿನವ್ರು ದೊಡ್ಡ ಮಂದಿ.’

‘ಸೇರ್ತದ್ರೀ ಯವ್ವಾ, ಬಿಟ್ಟೀನೇನು?’ ಎಂದಳು ನನ್ನ ಗೆಳತಿ. ‘ಹಾಕ್ರಿ, ಉಣ್ತೀನಿ. ಆದ್ರ ರಾಯಚೂರ ಮುಟ್ಟೂತನಕ ನಿಮ್ಮ ಬಚ್ಚಲಮನಿ ನನ್ನ ಜೋಡಿ ಬಸ್ಸಿನಾಗ ಕಳಸ್ರಿ.’

ಸಾಲಿನಲ್ಲಿ ಕೂತವರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಚಿಕ್ಕಮ್ಮ ಹೋಳಿಗೆಯನ್ನು ನನ್ನ ಎಲೆಗೆ ಹಾಕಿ ಮುಂದೆ ಹೋದಳು. ಯಾವ ಮದುವೆಯಲ್ಲೂ ಆಕೆಯ ಪಾಲಿನದು ಕೊನೆಗೆ ನನ್ನ ಎಲೆಗೇ ಬರುತ್ತಿತ್ತು.

ದೇವರ ವಿಷಯದಲ್ಲೂ ಆಕೆಯ ಬಾಯಿ ಹಾಗೆಯೇ. ನಾನು ಶ್ರಾವಣ ಸೋಮವಾರ ಬಿಡದೆ ಮಾಡುವವಳು. ಸಂಜೆಯ ಹೊತ್ತಿಗೆ ನನಗೆ ತಲೆ ಸುತ್ತಿ ಬಂದರೆ ಆಕೆ ಗೋಡೆಗೆ ಒರಗಿ, ‘ನನಗ ಅವ ವರ್ಷಪೂರ್ತಿ ಉಪಾಸ ಬರದಾನ. ನೀವು ಒಂದ ದಿನಕ್ಕ ಏಸು ಗದ್ದಲ ಮಾಡ್ತೀರವಾ!’ ಎನ್ನುತ್ತಿದ್ದಳು. ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆದರೂ ಕಾಯಿಲೆ ಸ್ವಲ್ಪ ಮಲಗಿದಾಗ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿಗೆ ಹೋಗೋಣ ಎಂದು ಗಂಟು ಬೀಳುತ್ತಿದ್ದವಳೂ ಆಕೆಯೇ. ಅಲ್ಲಮಪ್ರಭುವಿನ ಗುಡಿಯಲ್ಲಿ ಕೈಮುಗಿದು, ಹೊರಗೆ ಬಂದು ಕೃಷ್ಣೆಯನ್ನು ನೋಡುತ್ತ ಕೂತುಬಿಡುವುದು. ಏನು ಬೇಡಿಕೊಂಡೆ ಎಂದು ಒಮ್ಮೆ ಕೇಳಿದೆ.

‘ಎಡಿ ಬಗ್ಗೆ ಹೇಳಿ ಬಂದೆ’ ಎಂದಳು.

‘ಯಾವ ಎಡಿ ಬೇ?’

‘ನಾ ಸತ್ತ ಮ್ಯಾಲ ನನಗ ಇಡೂ ಎಡಿ. ನಮ್ಮತ್ತಿ ಗಂಜಿ ಇಡ್ತಾಳ, ಬರದಿಡು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಹಸಿ ಖಾರ, ಮ್ಯಾಲ ಒಂದು ಉಳ್ಳಾಗಡ್ಡಿ. ಇದನ್ನ ನೀ ಇಡಬೇಕು. ಗಂಜಿ ಇಟ್ಟಿದ್ದು ಕಂಡ್ರ ನಾ ವಾಪಸ್ ಬಂದು ಇಬ್ಬರನ್ನೂ ಕಾಡ್ತೀನಿ.’

‘ಬಿಡ್ತು ಅನ್ನು’ ಎಂದೆ.

‘ಆಣಿ ಮಾಡು.’

ಗುಡಿಯ ಮುಂದೆ ಕೂತು ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ. ಮಾಡಿದೆ.

ಗಾಲ್ಫಿಗೂ ಆಕೆಗೂ ಇದ್ದ ಸಂಬಂಧವನ್ನೂ ಹೇಳಬೇಕು. ಆಕೆಯ ಗಂಡನ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಹೊರಗಿನ ಊರುಗಳಲ್ಲಿ ನೌಕರಿ ಮಾಡುವಾಗ ಗಾಲ್ಫ್ ಕಲಿತು ಬಂದವರು. ನಿವೃತ್ತಿಯಾದ ಮೇಲೆ ಮಾನ್ವಿ ರಸ್ತೆಯಲ್ಲಿ ತಮ್ಮ ಸಂಬಂಧಿಕರ ಬೀಳು ಹೊಲವೊಂದನ್ನು ಹಿಡಿದು, ಅಲ್ಲಲ್ಲಿ ಕುಳಿ ತೋಡಿಸಿ, ಬಾವುಟ ನೆಟ್ಟು, ಸ್ನೇಹಿತರನ್ನು ಕರೆದು ಆಡುತ್ತಿದ್ದರು. ಹುಲ್ಲು ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲವೆಂದು ಕುಳಿಯ ಸುತ್ತ ಮರಳಿಗೆ ಎಣ್ಣೆ ಕಲಸಿ ಹಾಸಿದ್ದರು. ಒಮ್ಮೆ ಗಂಡ ಆಕೆಯನ್ನೂ ನನ್ನನ್ನೂ ಕರೆದುಕೊಂಡು ಹೋದ. ಪಕ್ಕದಲ್ಲೇ ಹತ್ತಿಯ ಹೊಲ. ಬಿಡಿಸಿ ಉಳಿದ ಹತ್ತಿ ಗಾಳಿಗೆ ಹಾರಿ ಆಟದ ಬಯಲಿನ ತುಂಬ ಬಿದ್ದಿತ್ತು. ಚೆಂಡೂ ಬಿಳಿ, ಹತ್ತಿಯೂ ಬಿಳಿ. ದೊಡ್ಡ ದೊಡ್ಡ ಇಂಜಿನಿಯರುಗಳು ಚೆಂಡೆಂದು ಹತ್ತಿಯ ಉಂಡೆಯ ಹತ್ತಿರ ಓಡಿ ಹೋಗಿ, ಕೋಲು ಎತ್ತಿ, ಬಗ್ಗಿ ನೋಡಿ, ಕೋಲು ಇಳಿಸುತ್ತಿದ್ದರು. ಕೆಲವು ಚೆಂಡು ಎರೆಭೂಮಿಯ ಬಿರುಕಿನಲ್ಲಿ ಹೋಗಿ ಪಾತಾಳ ಸೇರಿದವು.

ಆಕೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ‘ಕಳಕೊಳ್ಳೂದು, ಹುಡುಕೂದು. ಇದಕ್ಕ ಆಟ ಅಂತಾರೇನ್ರೀ? ನಾ ದಿನಾ ಮನ್ಯಾಗ ಕನ್ನಡಕದ ಜೋಡಿ ಆಡ್ತೀನಲ್ಲ!’ ಎಂದಳು. ಸಾಹೇಬರು ಒಳ್ಳೆಯ ಮನುಷ್ಯರು, ಬೇಜಾರು ಮಾಡಿಕೊಳ್ಳಲಿಲ್ಲ. ‘ಮೇಡಂಗೆ ಗಾಲ್ಫ್ ಬಹಳ ಇಷ್ಟ’ ಎಂದು ತಿಳಿದುಕೊಂಡರು. ಆ ತಿಳಿವಳಿಕೆಯ ಮೇಲೆಯೇ ಈ ಪಂದ್ಯಾವಳಿ ಎದ್ದು ನಿಂತದ್ದು.

ಆಕೆಯ ಕೊನೆಯ ಚಳಿಗಾಲದಲ್ಲಿ ಕರುಳು ಕಟ್ಟಿಕೊಂಡಿತು. ಹೈದರಾಬಾದಿನಲ್ಲಿ ಆಪರೇಶನ್ ಆಯಿತು, ಆಮೇಲೆ ನಂಜಾಯಿತು. ನಾನು ನೋಡಲು ಹೋದಾಗ ಬಾಯಿಂದ ಗಂಜಿಯೂ ಇಳಿಯುತ್ತಿರಲಿಲ್ಲ. ‘ಏನು ಉಂಡು ಬಂದಿ?’ ಎಂದು ಕೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಎಂದೆ. ‘ಹೆಂಗಿತ್ತು?’ ಎಂದಳು. ಹಿಟ್ಟು ಹುಳಿಯಾಗಿತ್ತು ಎಂದೆ. ಸಮಾಧಾನವಾದಂತೆ ಕಣ್ಣು ಮುಚ್ಚಿದಳು. ನಾನು ಆಕೆಯೊಡನೆ ಆಡಿದ ಕೊನೆಯ ಮಾತು ಇಡ್ಲಿಯ ಹಿಟ್ಟಿನ ಬಗ್ಗೆ. ಅದೂ ಒಂದು ಪುಣ್ಯವೇ ಎಂದುಕೊಳ್ಳುತ್ತೇನೆ. ಸುಳ್ಳು ಹೇಳಿ ಕಳಿಸಲಿಲ್ಲ.

ವರ್ಷದ ಕಾರ್ಯದ ದಿನ ನಾನು ಬುತ್ತಿ ಕಟ್ಟಿಕೊಂಡು ಗೋಡೆಯಾಚೆ ಹೋದೆ. ಅಷ್ಟರಲ್ಲಿ ಫೋಟೋದ ಮುಂದೆ ಎಡೆ ಇಟ್ಟಾಗಿತ್ತು. ಬಾಳೆಎಲೆಯ ನಡುವೆ ಬಟ್ಟಲು, ಬಟ್ಟಲಲ್ಲಿ ಸೋಸಿದ ಗಂಜಿ. ನನಗೆ ಮೈ ಉರಿದುಹೋಯಿತು.

‘ಯವ್ವಾ, ಇದನ್ಯಾಕ ಇಟ್ರಿ? ಇದರ ಮಾರಿ ಕಂಡ್ರ ಆಗ್ತಿದ್ದಿಲ್ಲ ಆಕಿಗಿ.’

ಅತ್ತೆ ನನ್ನ ಡಬ್ಬಿಯ ಕಡೆ ನೋಡಿದಳು. ವಾಸನೆ ಗೊತ್ತಾಯಿತು.

‘ಖಾರ ತಂದಿಯೇನು ತಂಗೀ? ಬ್ಯಾಡವಾ. ಆಕಿ ಹೊಟ್ಟಿಗಿ ಹಿಡಿಯೂದು ಇದ ಒಂದ. ಸತ್ತ ಮ್ಯಾಲೂ ಸಂಕಟ ಕೊಡ್ಲೇನು?’

ಡಬ್ಬಿಯನ್ನು ಮನೆಗೆ ವಾಪಸು ತಂದೆ. ಆಣೆ ಹಾಗೆಯೇ ಉಳಿಯಿತು. ಅಂದಿನಿಂದ ಗೂಗಲ್ಲಿನ ಕಡೆ ಹೋಗಲು ನನಗೆ ಕಾಲು ಬರಲಿಲ್ಲ. ದೇವರು ಕೇಳಿದರೆ ಏನು ಹೇಳಲಿ?

ಪಂದ್ಯಾವಳಿಯ ಸುದ್ದಿ ಬಂದಾಗ, ಇಲ್ಲಿ ಒಂದು ದಾರಿ ಸಿಕ್ಕೀತು ಎಂದುಕೊಂಡೆ. ಫೋಟೋ ಇರುತ್ತದೆ, ದೀಪ ಇರುತ್ತದೆ. ಎಡೆಯೊಂದು ಇಟ್ಟರೆ ಯಾರು ಬೇಡ ಎನ್ನುತ್ತಾರೆ? ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಅಡುಗೆಗೆ ನಿಂತೆ. ಎಡೆಯ ಅಡುಗೆಯನ್ನು ಇಡುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ಕೂಡ ನೋಡುವಂತಿಲ್ಲ. ಆಕೆಯ ಊಟವನ್ನು ಇಷ್ಟು ವರ್ಷ ರುಚಿ ನೋಡಿದವಳು ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ಬೇಯಿಸಿದೆ.

ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಬಿಳಿ ಟೋಪಿಯ ಗಂಡಸರು ಕೋಲಿನ ಚೀಲ ಹೊತ್ತು ತಿರುಗುತ್ತಿದ್ದರು. ಅತಿಥಿಗಳೊಬ್ಬರು ಕರುಳಿನ ಆರೋಗ್ಯದ ಬಗ್ಗೆ ಮಾತಾಡಿದರು. ಮಾತಿನ ನಡುವೆ ತೇಗು ಬಂದಾಗ ಮೈಕನ್ನು ದೂರ ಹಿಡಿದರು, ಅಷ್ಟು ಸಭ್ಯರು. ಇನ್ನೊಬ್ಬರು, ಅಗಲಿದ ಆತ್ಮ ಈ ಬಯಲಿನಲ್ಲಿ ನಮ್ಮೊಂದಿಗೆ ಆಡುತ್ತಿದೆ ಎಂದರು. ಆಡುತ್ತಿದ್ದರೆ ಚೆಂಡುಗಳನ್ನು ಬಿರುಕಿಗೆ ತಳ್ಳುತ್ತಿದ್ದವಳು ಆಕೆಯೇ ಎಂದು ನನಗೂ ಅನ್ನಿಸಿತು. ಹತ್ತಿ ಆ ವರ್ಷವೂ ಧಾರಾಳವಾಗಿ ಹಾರಿತ್ತು.

ಆಟ ಮುಗಿದ ಮೇಲೆ ಸಾಹೇಬರು ಮೈಕು ಹಿಡಿದರು.

‘ಇಂದು ನಾವೆಲ್ಲ ನಮ್ಮ ಮೇಡಂ ಊಟ ಮಾಡುತ್ತಿದ್ದುದನ್ನೇ ಊಟ ಮಾಡುತ್ತೇವೆ. ಅವರ ಕಷ್ಟ ನಮಗೂ ತಿಳಿಯಲಿ. ಇದು ಜಾಗೃತಿ ಭೋಜನ.’

ಮುಚ್ಚಳ ತೆಗೆದರು. ದೊಡ್ಡ ಪಾತ್ರೆಯ ತುಂಬ ಗಂಜಿ. ಪಕ್ಕದಲ್ಲಿ ಒಂದು ತಟ್ಟೆ ಉಪ್ಪು. ಫೋಟೋದ ಮುಂದೆಯೂ ಬೆಳ್ಳಿಯ ಬಟ್ಟಲಲ್ಲಿ ಗಂಜಿ ಇಟ್ಟು, ಮೇಲೊಂದು ಗುಲಾಬಿ ಸಿಕ್ಕಿಸಿದ್ದರು. ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಬಂದ ಟೋಪಿಗಳು ಒಂದರ ಮುಖ ಒಂದು ನೋಡಿದವು. ರಸ್ತೆಯ ಅಂಚಿಗೆ ಮಿರ್ಚಿ ಭಜಿಯ ಬಂಡಿ ನಿಂತಿದೆ ಎಂದು ಯಾರೋ ಪಿಸುಗುಟ್ಟಿದರು. ಫೋನು ಬಂತು ಎಂದು ಒಬ್ಬರು ಎದ್ದರು, ಕಾರು ತೆಗೆಯಬೇಕು ಎಂದು ಇನ್ನೊಬ್ಬರು. ಸ್ವಲ್ಪ ಹೊತ್ತಿನಲ್ಲಿ ಜಾಗೃತಿಯೆಲ್ಲ ಮಿರ್ಚಿ ಬಂಡಿಯ ಸುತ್ತ ನಿಂತಿತ್ತು. ಸಾಹೇಬರು ಮಾತ್ರ ಹಠ ಹಿಡಿದು ಒಂದು ಬಟ್ಟಲು ಗಂಜಿ ಕುಡಿದರು. ಅದನ್ನು ನಾನು ಮರೆಯುವುದಿಲ್ಲ.

ಶಾಮಿಯಾನದಲ್ಲಿ ಉಳಿದವರು ಕೆಲವರೇ. ಫೋಟೋದ ಪಕ್ಕದ ಕುರ್ಚಿಯಲ್ಲಿ ಅತ್ತೆ. ಸ್ವಲ್ಪ ದೂರದಲ್ಲಿ ಮಾನ್ವಿಯಿಂದ ತಾಯಿಯ ಜೊತೆ ಬಂದಿದ್ದ ಒಬ್ಬ ಹುಡುಗಿ. ಆಕೆಗೂ ಇದೇ ಕಾಯಿಲೆ. ಔಷಧಿಗೆ ಸಹಾಯ ಪಡೆಯಲು ವೇದಿಕೆಗೆ ಕರೆದಿದ್ದರು. ಇಡೀ ಬಯಲಿನಲ್ಲಿ ಮುಖ ಸಿಂಡರಿಸದೆ ಗಂಜಿ ಉಣ್ಣುತ್ತಿದ್ದವಳು ಆಕೆಯೊಬ್ಬಳೇ. ಅಭ್ಯಾಸವಾಗಿತ್ತು.

ನಾನು ಚಪ್ಪಲಿ ಬಿಟ್ಟು ಡಬ್ಬಿ ತೆಗೆದು ಫೋಟೋದ ಹತ್ತಿರ ಹೋದೆ. ಅತ್ತೆಯ ಕೈ ಅಡ್ಡ ಬಂತು.

‘ಮತ್ತ ತಂದಿಯೇನು ತಂಗೀ?’

‘ಗೂಗಲ್ಲಿನಾಗ ಆಣಿ ಮಾಡೀನಿ ಯವ್ವಾ. ಆಕಿ ಬೇಡಿಕೊಂಡಾಳ.’

‘ಆಕಿಗಿ ಆಗಂಗಿಲ್ಲ…’

‘ಯವ್ವಾ,’ ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ, ದೇವರೇ ಆಡಿಸಿರಬೇಕು. ‘ಕರುಳನ್ನ ಸುಟ್ಟು ಬಂದೀವಲ್ಲ. ಕರುಳಿಲ್ಲದಾಕಿಗಿ ಎಲ್ಲಿಯ ಪಥ್ಯ?’

ಮುದುಕಿ ಫೋಟೋದ ಕಡೆ ತಿರುಗಿದಳು. ಕೆನ್ನೆ ತುಂಬಿದ ಆ ಮುಖಕ್ಕೆ ಗಂಜಿ ಸೋಸಿ ಕೊಟ್ಟ ನೆನಪು ಆಕೆಗೂ ಇರಲಿಕ್ಕಿಲ್ಲ. ಅದು ರೊಟ್ಟಿ ತಿನ್ನುತ್ತಿದ್ದ ಸೊಸೆಯ ಮುಖ. ಆಮೇಲೆ ಎದ್ದು, ತಾನೇ ಬೆಳ್ಳಿಯ ಬಟ್ಟಲನ್ನು ಗುಲಾಬಿಯ ಸಮೇತ ಪಕ್ಕಕ್ಕೆ ಸರಿಸಿದಳು.

‘ಇಡು. ಉಳ್ಳಾಗಡ್ಡಿ ತಂದಿಯೋ ಇಲ್ಲೋ?’

ತಂದಿದ್ದೆ. ಸಜ್ಜೆ ರೊಟ್ಟಿ ಇಟ್ಟೆ, ಮೇಲೆ ಎಣ್ಣೆಗಾಯಿ, ಬದಿಗೆ ಹಸಿ ಖಾರ, ಕೈಯಲ್ಲೇ ಗುದ್ದಿ ಒಡೆದ ಉಳ್ಳಾಗಡ್ಡಿ. ಕಣ್ಣು ಮುಚ್ಚಿ ಕೈಮುಗಿದೆವು. ಆಚೆ ಬಂಡಿಯ ಹತ್ತಿರ ಟೋಪಿಗಳು ಇನ್ನೊಂದು ಪ್ಲೇಟು ಮಿರ್ಚಿ ಹೇಳುತ್ತಿದ್ದವು.

ಎಡೆ ಇಟ್ಟ ಮೇಲೆ ಉಳಿದದ್ದು ಪ್ರಸಾದ. ಡಬ್ಬಿ ಬಿಚ್ಚಿಕೊಂಡು ಕೂತೆ. ವಾಸನೆ ಹಿಡಿದು ಮಾನ್ವಿಯ ಹುಡುಗಿ ಬಟ್ಟಲಿನ ಜೊತೆ ಹತ್ತಿರ ಬಂದಿದ್ದಳು. ಒಂದು ತುಂಡು ರೊಟ್ಟಿ ಕೊಡಲು ಕೈ ಚಾಚಿದವಳು, ಯಾರಿಗೆ ಕೊಡುತ್ತಿದ್ದೇನೆಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡೆ. ಹುಡುಗಿ ನಕ್ಕಳು.

‘ನೀವು ಉಣ್ರಿ ಅಕ್ಕಾ, ನಾ ನೋಡ್ತೀನಿ.’

ನಾನು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದೆ. ಆ ಮಾತನ್ನು ಈ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

‘ಉಣ್ರೀ. ಹೆಂಗದ ಹೇಳ್ರಿ.’

ಬಾಯಿಗಿಟ್ಟೆ. ಅಗಿದೆ. ಹುಡುಗಿ ಚಮಚ ಎತ್ತಿ ಕಾಯುತ್ತಿದ್ದಳು. ಬೇಷ್ ಆಗ್ಯಾದ ಎನ್ನುವುದು ಎಷ್ಟು ಸುಲಭವಿತ್ತು! ಆದರೆ ಫೋಟೋದವಳು ನೋಡುತ್ತಿದ್ದಳು.

‘ಎಣ್ಣಿ ಬರೋಬ್ಬರಿ ಅದ. ಖಾರ ಕಿವಿತನಕ ಹೋಗಾಕತ್ತದ’ ಎಂದೆ. ‘ಉಪ್ಪು ಮಾತ್ರ ಹಾಕೇ ಇಲ್ಲವ್ವಾ ನಾ. ಮರ್ತೀನಿ.’

ಹುಡುಗಿ ಗಂಜಿ ಉಗುಳುವಷ್ಟು ನಕ್ಕಳು. ಅತ್ತೆ ಹಣೆ ಬಡಿದುಕೊಂಡಳು. ‘ಅಯ್ಯ ನನ್ನ ಶಿವನ, ಉಪ್ಪಿಲ್ಲದ್ದು ಇಟ್ಟೀವೇನು! ಆಕಿ ಅಲ್ಲೂ ಹೆಸರಿಡ್ತಾಳ, ಇರು’ ಎನ್ನುತ್ತ ಎದ್ದಳು. ಗಂಜಿಯ ಪಾತ್ರೆಯ ಪಕ್ಕದ ತಟ್ಟೆಯಿಂದ ಒಂದು ಚಿಟಿಕೆ ಉಪ್ಪು ತಂದು ಫೋಟೋದ ಮುಂದಿನ ಎಣ್ಣೆಗಾಯಿಯ ಮೇಲೆ ಉದುರಿಸಿದಳು. ಉಳಿದದ್ದನ್ನು ನನ್ನ ತುತ್ತಿನ ಮೇಲೆ.

‘ಈಗ?’ ಎಂದಳು ಹುಡುಗಿ, ಚಮಚ ತುಟಿಗೆ ಹಿಡಿದು.

ಉಂಡೆ. ‘ಈಗ ಸರಿ ಆತು’ ಎಂದೆ. ಹುಡುಗಿ ಕಣ್ಣು ಮುಚ್ಚಿ ಗಂಜಿ ನುಂಗಿದಳು.